ಎದುರುಗಾಳಿಯ ದಾರಿಗೆ ಎಂಥ ಇ-ಸೈಕಲ್?

ಪ್ರಶ್ನೆ: ಮನೆಯಿಂದ ಕೆಲಸದ ಜಾಗಕ್ಕೆ 22 ಕಿ.ಮೀ. ದಾರಿ ಸಮತಟ್ಟಾಗಿದೆ, ಆದರೆ ಬಹುಪಾಲು ಬಯಲು. ಬೆಳಿಗ್ಗೆ ಗಾಳಿ ಬೆನ್ನ ಹಿಂದಿರುತ್ತದೆ. ಸಂಜೆ ವಾಪಸ್ ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಮಾಮೂಲಿ ಸೈಕಲ್ ತುಳಿದು ಸಾಕಾಗಿದೆ, ಇ-ಸೈಕಲ್ ಕೊಳ್ಳಬೇಕೆಂದಿದ್ದೇನೆ. 250 ವ್ಯಾಟ್ ಮೋಟಾರ್ ಗಾಳಿಗೆ ಸಾಲುವುದಿಲ್ಲ, 500 ವ್ಯಾಟ್‌ನದ್ದೇ ತಗೊಳ್ಳಿ ಎನ್ನುತ್ತಾರೆ ಅಂಗಡಿಯವರು. ಒಂದು ಚಾರ್ಜ್‌ಗೆ 80 ಕಿ.ಮೀ. ಓಡುತ್ತದಂತೆ. ನಂಬಬಹುದೇ?

ಉತ್ತರ: 80 ಕಿ.ಮೀ. ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಮೋಟಾರ್ ವಿಚಾರ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ದಾರಿಗೆ ಮುಖ್ಯವಾದದ್ದು ಅದಲ್ಲ.

ಗಾಳಿಯ ಲೆಕ್ಕ ಸ್ವಲ್ಪ ವಿಚಿತ್ರ. ನಿಮ್ಮ ವೇಗ ಮತ್ತು ಎದುರುಗಾಳಿಯ ವೇಗ ಎರಡೂ ಸೇರಿ ಎಷ್ಟಾಗುತ್ತದೋ, ಅದರ ವರ್ಗದಷ್ಟು ಗಾಳಿ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಅಂದರೆ ಆ ಒಟ್ಟು ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ಗಾಳಿ ನಿಂತಿರುವ ದಿನ ನೆಟ್ಟಗೆ ಕೂತು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 165 ವ್ಯಾಟ್ ಶಕ್ತಿ ಬೇಕು. ಮುಖದ ಮೇಲೆ 20 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ಅದೇ 25ಕ್ಕೆ 435 ವ್ಯಾಟ್ ಬೇಕಾಗುತ್ತದೆ.

ಈಗ ನಿಮ್ಮ ಸಂಜೆಯ ದಾರಿಗೆ ಬರೋಣ. ಆರಾಮಾಗಿ ತುಳಿಯುವ ಸಾಮಾನ್ಯ ಸವಾರ 100 ವ್ಯಾಟ್ ಕೊಡುತ್ತಾರೆ ಅಂದುಕೊಳ್ಳಿ. ಸವಾರ, ಸೈಕಲ್, ಚೀಲ ಸೇರಿ 110 ಕಿಲೊ. ಮೋಟಾರ್ ಇಲ್ಲದಿದ್ದರೆ ಆ ಗಾಳಿಗೆ ಸಿಗುವ ವೇಗ ಬರೀ 11 ಕಿ.ಮೀ. ಮನೆ ಮುಟ್ಟಲು ಎರಡು ಗಂಟೆ. ಸಾಕಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ! 250 ವ್ಯಾಟ್ ಮೋಟಾರ್ ಜೊತೆಯಾದರೆ ವೇಗ 22ಕ್ಕೆ ಏರುತ್ತದೆ, ಒಂದು ಗಂಟೆಯಲ್ಲಿ ಮನೆ. 500 ವ್ಯಾಟ್ ಹಾಕಿದರೆ? 44 ಆಗುವುದಿಲ್ಲ, 29 ಆಗುತ್ತದೆ. ಮೊದಲ 250 ವ್ಯಾಟ್ ನಿಮಗೆ ಒಂದು ಗಂಟೆ ಉಳಿಸಿತು. ಎರಡನೆಯ 250 ಉಳಿಸುವುದು ಕಾಲು ಗಂಟೆಗಿಂತ ಸ್ವಲ್ಪ ಕಡಿಮೆ. ಅದಕ್ಕೆ ಬ್ಯಾಟರಿ ಒಂದೂವರೆ ಪಟ್ಟು ಖರ್ಚಾಗುತ್ತದೆ: 310 ವ್ಯಾಟ್-ಅವರ್ ಸಾಕಿದ್ದ ಕಡೆ ಸುಮಾರು 470. (ಒಂದು ವ್ಯಾಟ್ ಶಕ್ತಿಯನ್ನು ಒಂದು ಗಂಟೆ ಕೊಟ್ಟರೆ ಒಂದು ವ್ಯಾಟ್-ಅವರ್. ಮೋಟಾರ್‌ನಲ್ಲಿ ಬಿಸಿಯಾಗಿ ಹೋಗುವುದೂ ಈ ಲೆಕ್ಕದಲ್ಲಿ ಸೇರಿದೆ.)

ಇನ್ನೊಂದು ವಿಷಯ. ಮೋಟಾರ್ ಮೇಲೆ ಬರೆದಿರುವ 250 ಎನ್ನುವುದು ಬಿಸಿಯಾಗದೆ ಸತತವಾಗಿ ಕೊಡಬಲ್ಲ ಶಕ್ತಿ. ಕೆಲವು ನಿಮಿಷದ ಮಟ್ಟಿಗೆ ಅನೇಕ ಮೋಟಾರ್‌ಗಳು ಅದರ ಎರಡು ಪಟ್ಟು ಎಳೆಯುತ್ತವೆ. ಒಂದು ಬಿರುಸಿನ ಗಾಳಿ ಬಂದು ಹೋಗುವಷ್ಟು ಹೊತ್ತಿಗೆ ಅದು ಧಾರಾಳ. ಕಾನೂನನ್ನೂ ನೋಡಬೇಕು. ಐರೋಪ್ಯ ಒಕ್ಕೂಟದಲ್ಲಿ 250 ವ್ಯಾಟ್ ದಾಟಿದರೆ ಅಥವಾ 25 ಕಿ.ಮೀ. ವೇಗದ ಮೇಲೂ ಮೋಟಾರ್ ಸಹಾಯ ಮಾಡಿದರೆ ಅದು ಸೈಕಲ್ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಮಿತಿ 750 ವ್ಯಾಟ್. ನೀವಿರುವ ಕಡೆಯ ಮಿತಿ ತಿಳಿದುಕೊಂಡೇ ಅಂಗಡಿಗೆ ಹೋಗಿ. 25ಕ್ಕೆ ಮೋಟಾರ್ ನಿಂತರೆ ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ಎದುರುಗಾಳಿಯಲ್ಲಿ ನೀವು ಆ ಗೆರೆ ಮುಟ್ಟುವುದೇ ಅಪರೂಪ. ಮೋಟಾರ್ ಪೂರ್ತಿ ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ಗಾಳಿಯಿಲ್ಲದ ದಿನ ಅಷ್ಟೇನೂ ಕೆಲಸವಿಲ್ಲದ ಮೋಟಾರ್ ಗಾಳಿಯ ದಿನವೇ ದುಡಿಯುವುದು.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಬ್ಯಾಟರಿಗೆ. ಜೊತೆಗೆ ಕೂರುವ ರೀತಿಗೆ, ಅದಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ.

ಕೂರುವ ರೀತಿ ಮೊದಲು, ಏಕೆಂದರೆ ಅದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಸೈಕಲ್ ಮತ್ತು ಸವಾರ ಸೇರಿ ಗಾಳಿಗೆ ಒಡ್ಡುವ ತಡೆಯಲ್ಲಿ ಮುಕ್ಕಾಲು ಪಾಲಿನಷ್ಟು ಸವಾರನ ಮೈಯದೇ. ಎದೆ ಸೆಟೆದು ಕೂರಿಸುವ, ಹ್ಯಾಂಡಲ್ ಎತ್ತರವಾಗಿರುವ ಸೈಕಲ್ ಅಂಗಡಿಯೊಳಗೆ ಬಹಳ ಹಿತವಾಗಿರುತ್ತದೆ, ಬಯಲಿನಲ್ಲಿ ಅಲ್ಲ. ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಇಳಿದು, ಮೊಣಕೈ ಸ್ವಲ್ಪ ಮಡಚಿ, ಮೈ ಮುಂದಕ್ಕೆ ಬಾಗಿದರೆ ಗಾಳಿಯ ತಡೆ ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಅದೇ 250 ವ್ಯಾಟ್‌ಗೆ 22ರ ಬದಲು 24 ಕಿ.ಮೀ. ವೇಗ ಸಿಗುತ್ತದೆ. ರೇಸಿನವರಂತೆ ಬಗ್ಗಬೇಕಿಲ್ಲ, ಸೊಂಟ ನೋಯುವಷ್ಟಂತೂ ಬೇಡವೇ ಬೇಡ. ಕೊಳ್ಳುವಾಗ ಹ್ಯಾಂಡಲ್‌ನ ಎತ್ತರ ಬದಲಾಯಿಸಲು ಬರುತ್ತದೆಯೇ ಎಂದು ಕೇಳಿ. ನೇರ ಹ್ಯಾಂಡಲ್ ಜೊತೆಗೆ ಗಾಳಿಯಲ್ಲಿ ಹಿಡಿಯಲು ಇನ್ನೊಂದು ಹಿಡಿಕೆ ಸಿಗುವಂತಿದ್ದರೆ ಇನ್ನೂ ಒಳ್ಳೆಯದು. ಬಟ್ಟೆಯೂ ಲೆಕ್ಕಕ್ಕೆ ಬರುತ್ತದೆ. ಸಡಿಲ ರೈನ್‌ಕೋಟ್ ಹಾಯಿಯಂತೆ ಉಬ್ಬಿ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ.

ಈಗ ಬ್ಯಾಟರಿ. ಬರೀ ಆಂಪಿಯರ್-ಅವರ್ ನೋಡಬೇಡಿ. ಅದನ್ನು ವೋಲ್ಟ್‌ನಿಂದ ಗುಣಿಸಿ ವ್ಯಾಟ್-ಅವರ್ ಮಾಡಿಕೊಳ್ಳಿ. 36 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 360 ವ್ಯಾಟ್-ಅವರ್. ಜಾಹೀರಾತಿನ 80 ಕಿ.ಮೀ. ಬರುವುದು ಹಗುರ ಸವಾರ, ಕಡಿಮೆ ಸಹಾಯ, ಸಮತಟ್ಟು ರಸ್ತೆ, ಗಾಳಿಯಿಲ್ಲದ ಹೊತ್ತು, ಹೊಸ ಬ್ಯಾಟರಿ ಇವೆಲ್ಲ ಒಟ್ಟಿಗೆ ಕೂಡಿ ಬಂದಾಗ. ನಿಮಗೆ ಬೇಕಾದದ್ದು ಅತಿ ಕೆಟ್ಟ ದಿನದ ಲೆಕ್ಕ. ಸಂಜೆ 310 ವ್ಯಾಟ್-ಅವರ್, ಬೆಳಿಗ್ಗೆ ಬೆನ್ನಗಾಳಿಯಲ್ಲಿ 100 ಇಟ್ಟುಕೊಳ್ಳೋಣ, ಒಟ್ಟು 410. ಬ್ಯಾಟರಿಯನ್ನು ದಿನಾ ಸೊನ್ನೆಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಆದ್ದರಿಂದ ನೂರಕ್ಕೆ 20ರಷ್ಟು ತಳದಲ್ಲಿ ಉಳಿಸಿ. ಕೆಲವು ವರ್ಷದಲ್ಲಿ ಬ್ಯಾಟರಿ ತನ್ನಿಂದ ತಾನೇ ಇನ್ನೊಂದು 20ರಷ್ಟು ಕಳೆದುಕೊಳ್ಳುತ್ತದೆ, ಅದನ್ನೂ ಸೇರಿಸಿ. ಬರುವ ಉತ್ತರ ಸುಮಾರು 640. ಅಂದರೆ 36 ವೋಲ್ಟ್ ಆದರೆ 17.5 ಆಂಪಿಯರ್-ಅವರ್, 48 ವೋಲ್ಟ್ ಆದರೆ 13ರಿಂದ 14. ಚಳಿ ಜಾಸ್ತಿ ಇರುವ ಕಡೆಯಾದರೆ ಇನ್ನೂ ಸ್ವಲ್ಪ ದೊಡ್ಡದೇ ಇರಲಿ, ಚಳಿಗೆ ಬ್ಯಾಟರಿ ಪೂರ್ತಿ ಕೊಡುವುದಿಲ್ಲ.

ಕೆಲಸದ ಜಾಗದಲ್ಲಿ ಚಾರ್ಜ್ ಮಾಡಲು ಬಿಡುತ್ತಾರಾ? ಹಾಗಿದ್ದರೆ 500 ವ್ಯಾಟ್-ಅವರ್ ಸಾಕು. ಉಳಿದ ದುಡ್ಡಲ್ಲಿ ಇನ್ನೊಂದು ಚಾರ್ಜರ್ ತಂದು ಅಲ್ಲೇ ಇಟ್ಟುಬಿಡಿ. 2 ಆಂಪಿಯರ್ ಚಾರ್ಜರ್ ಆದರೂ ಖಾಲಿ ಬ್ಯಾಟರಿ ತುಂಬಲು ಏಳು ಗಂಟೆ ಸಾಕು. ಅಷ್ಟು ಹೊತ್ತು ನೀವು ಹೇಗೂ ಅಲ್ಲೇ ಇರುತ್ತೀರಿ, ಅಲ್ವಾ? ಆದರೆ ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವಂತಿರಬೇಕು.

ಹವಾಮಾನ ವರದಿಯಲ್ಲಿ ಗಾಳಿಯ ವೇಗ ಗಂಟೆಗೆ 30 ಕಿ.ಮೀ. ಎಂದು ಕಂಡರೆ ಗಾಬರಿ ಬೇಡ. ಅದು ನೆಲದಿಂದ 10 ಮೀಟರ್ ಎತ್ತರದ ಗಾಳಿ. ಬಯಲಿನಲ್ಲಿ ಸೈಕಲ್ ಮೇಲೆ ಕೂತವರಿಗೆ ತಗಲುವುದು ಸುಮಾರು ಅದರ ಮೂರನೇ ಎರಡು ಪಾಲು. ನನ್ನ ಲೆಕ್ಕದ 20 ಅಂದರೆ ವರದಿಯ 30 ಎಂದೇ ತಿಳಿಯಿರಿ. ಅಂಥ ಸಂಜೆ ಬ್ಯಾಟರಿ ಕಡಿಮೆಯಿದ್ದರೆ ಒಂದೇ ಉಪಾಯ, ವೇಗ ಇಳಿಸಿ. 22ರ ಬದಲು 18ರಲ್ಲಿ ಹೋದರೆ ಮನೆಗೆ ಹದಿನೈದು ನಿಮಿಷದಷ್ಟು ತಡ, ಆದರೆ ಖರ್ಚು 310ರಿಂದ 200 ವ್ಯಾಟ್-ಅವರ್‌ಗೆ ಇಳಿಯುತ್ತದೆ. ಸೈಕಲ್‌ನ ಪರದೆ ತೋರಿಸುವ 'ಇನ್ನು ಇಷ್ಟು ಕಿ.ಮೀ.' ಲೆಕ್ಕವನ್ನು ಸಂಜೆ ವಾಪಸ್ ಹೊರಟಾಗ ನಂಬಬೇಡಿ. ಬೆಳಗಿನ ಬೆನ್ನಗಾಳಿಯ ಖುಷಿಯಲ್ಲೇ ಅದು ಸಂಜೆಯದನ್ನೂ ಹೇಳುತ್ತಿರುತ್ತದೆ.

ಪ್ರಶ್ನೆ: ಹಿಂದಿನ ಚಕ್ರದಲ್ಲೇ ಮೋಟಾರ್ ಇರುವುದು ಒಳ್ಳೆಯದೋ, ಪೆಡಲ್ ಹತ್ತಿರ ಇರುವುದೋ? ಟಾರ್ಕ್ ಸೆನ್ಸರ್ ಇದ್ದರೆ ಬೆಲೆ ಜಾಸ್ತಿ. ಬೇಕೇಬೇಕಾ?

ಉತ್ತರ: ದಾರಿ ಸಮತಟ್ಟಾಗಿದ್ದು ಗಾಳಿ ಮಾತ್ರ ತೊಂದರೆಯಾದರೆ ಹಿಂದಿನ ಚಕ್ರದ ಹಬ್ ಮೋಟಾರ್ ಸಾಕು. ಅದರ ಶಕ್ತಿ ಚೈನ್ ಮೂಲಕ ಹೋಗುವುದಿಲ್ಲ, ಹಾಗಾಗಿ ಚೈನ್ ಬೇಗ ಸವೆಯುವುದಿಲ್ಲ. ಗಾಳಿಯ ಜೊತೆ ಏರೂ ಇದ್ದರೆ ಮಾತು ಬೇರೆ. ಹಬ್ ಮೋಟಾರ್ ನಿಧಾನವಾಗಿ ತಿರುಗುವಾಗ ವಿದ್ಯುತ್ತಿನ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಪೆಡಲ್ ಬಳಿಯ ಮಿಡ್ ಡ್ರೈವ್ ಸೈಕಲ್‌ನ ಗೇರುಗಳನ್ನೇ ಬಳಸುವುದರಿಂದ ಅಲ್ಲಿ ಗೆಲ್ಲುತ್ತದೆ. ಪಂಕ್ಚರ್ ಆದಾಗಲೂ ಹಿಂದಿನ ಚಕ್ರ ಸುಲಭವಾಗಿ ಬಿಚ್ಚಬಹುದು. ಹಬ್ ಮೋಟಾರ್ ಇದ್ದರೆ ಆಕ್ಸಲ್ ನಟ್ಟಿಗೆ ಸರಿಯಾದ ಸ್ಪ್ಯಾನರ್ ಚೀಲದಲ್ಲಿರಲೇಬೇಕು.

ಟಾರ್ಕ್ ಸೆನ್ಸರ್‌ಗೆ ಕೊಡುವ ದುಡ್ಡು ದಂಡವಲ್ಲ. ಅಗ್ಗದ ಕೇಡೆನ್ಸ್ ಸೆನ್ಸರ್‌ಗೆ ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಷ್ಟೇ ಗೊತ್ತು. ನೀವು ಎಷ್ಟು ಒತ್ತಿ ತುಳಿಯುತ್ತಿದ್ದೀರಿ ಎಂದು ಟಾರ್ಕ್ ಸೆನ್ಸರ್ ಅಳೆಯುತ್ತದೆ. ಗಾಳಿ ಬಿಟ್ಟು ಬಿಟ್ಟು ಬೀಸುವಾಗ ಕಾಲು ತಾನಾಗಿಯೇ ಒತ್ತುತ್ತದೆ, ಮೋಟಾರೂ ಅದರ ಜೊತೆಗೇ ಏರುತ್ತದೆ. ಗಾಳಿ ಇಳಿದಾಗ ಅದೂ ಇಳಿಯುತ್ತದೆ, ಬ್ಯಾಟರಿ ಉಳಿಯುತ್ತದೆ. ಕೇಡೆನ್ಸ್ ಸೆನ್ಸರ್‌ನಲ್ಲಿ ಪ್ರತಿ ಸಲವೂ ಗುಂಡಿ ಒತ್ತಿ ಬದಲಿಸುತ್ತಾ ಇರಬೇಕು.

ಪ್ರಶ್ನೆ: ನನಗೆ ಎದುರುಗಾಳಿಗಿಂತ ಅಡ್ಡಗಾಳಿಯೇ ಭಯ. ಲಾರಿ ಪಕ್ಕ ಹಾದುಹೋದಾಗ ಸೈಕಲ್ ವಾಲುತ್ತದೆ. ಭಾರದ ಇ-ಸೈಕಲ್ ಆದರೆ ಸರಿಹೋಗುತ್ತದಾ?

ಉತ್ತರ: ಸ್ವಲ್ಪ ಮಟ್ಟಿಗೆ. ಭಾರ ಎಲ್ಲಿದೆ ಎನ್ನುವುದೂ ಮುಖ್ಯ. ಬ್ಯಾಟರಿ ಫ್ರೇಮಿನ ಕೆಳಕೊಳವೆಯಲ್ಲಿದ್ದರೆ ಚೆನ್ನ. ಹಿಂದಿನ ಕ್ಯಾರಿಯರ್ ಮೇಲೆ ಎತ್ತರದಲ್ಲಿದ್ದರೆ ಸೈಕಲ್ ಬಾಲ ಅಲ್ಲಾಡಿಸುತ್ತದೆ. ಹ್ಯಾಂಡಲ್ ಮುಂದೆ ಬುಟ್ಟಿ, ದೊಡ್ಡ ಚೀಲ ಬೇಡ. ಅಡ್ಡಗಾಳಿ ಮುಂದಿನ ಚಕ್ರವನ್ನು ತಿರುಗಿಸಿದರೆ ಸಮತೋಲ ತಪ್ಪುವಷ್ಟು ಬೇರೆ ಯಾವುದರಿಂದಲೂ ತಪ್ಪುವುದಿಲ್ಲ. ಅದೇ ಕಾರಣಕ್ಕೆ ಮುಂದಿನ ಚಕ್ರಕ್ಕೆ ಆಳವಾದ (ಪಕ್ಕದಿಂದ ನೋಡಿದರೆ ಅಗಲವಾಗಿ ಕಾಣುವ) ರಿಮ್ ಬೇಡ. ಹ್ಯಾಂಡಲ್ ಅಗಲವಿರಲಿ, 40ರಿಂದ 50 ಮಿ.ಮೀ. ಟೈರ್ ಇರಲಿ. ಫ್ಯಾಟ್ ಟೈರ್ ಗಟ್ಟಿಯಾಗಿ ಕಂಡರೂ ಗಾಳಿಗೂ ರಸ್ತೆಗೂ ಎರಡಕ್ಕೂ ತಡೆ ಜಾಸ್ತಿ, ದೂರದ ದಾರಿಗೆ ನಾನು ಅದನ್ನು ಹೇಳುವುದಿಲ್ಲ.

ಲಾರಿ ಹತ್ತಿರ ಬಂದಾಗ ಗಾಳಿ ಒಮ್ಮೆ ನಿಲ್ಲುತ್ತದೆ, ದಾಟಿದ ಕೂಡಲೇ ಮತ್ತೆ ಹೊಡೆಯುತ್ತದೆ. ಸೇತುವೆ ಶುರುವಾಗುವಲ್ಲಿ, ಕಟ್ಟಡದ ಸಾಲು ಮುಗಿಯುವಲ್ಲಿಯೂ ಹೀಗೇ. ಆ ಜಾಗ ಬರುವ ಮೊದಲೇ ವೇಗ ಇಳಿಸಿ, ರಸ್ತೆಯ ಅಂಚಿನಿಂದ ಸ್ವಲ್ಪ ಒಳಗಿರಿ. ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ತೋಳಿನ ನಡುಕವೆಲ್ಲ ಚಕ್ರಕ್ಕೆ ಹೋಗುತ್ತದೆ, ಸಡಿಲವಾಗಿ ಹಿಡಿಯಿರಿ.

ಪ್ರಶ್ನೆ: ಬೆನ್ನಗಾಳಿ ಇದ್ದಾಗ ಬ್ಯಾಟರಿ ಚಾರ್ಜ್ ಆಗುವಂಥ ಸೈಕಲ್ ಇದೆಯಾ?

ಉತ್ತರ: ಇದೆ, ಆದರೆ ಅದನ್ನು ನೆಚ್ಚಿ ಚಿಕ್ಕ ಬ್ಯಾಟರಿ ಕೊಳ್ಳಬೇಡಿ. ಒಳಗೆ ಗೇರು ಇಲ್ಲದ ಡೈರೆಕ್ಟ್ ಡ್ರೈವ್ ಹಬ್ ಮೋಟಾರ್ ಮಾತ್ರ ಈ ಕೆಲಸಕ್ಕೆ ಬರುತ್ತದೆ. ಮಿಡ್ ಡ್ರೈವ್‌ಗಳಲ್ಲೂ ಗೇರಿರುವ ಹಬ್ ಮೋಟಾರ್‌ಗಳಲ್ಲೂ ಸಾಮಾನ್ಯವಾಗಿ ಫ್ರೀವೀಲ್ ಇರುವುದರಿಂದ ಚಕ್ರ ಮೋಟಾರನ್ನು ತಿರುಗಿಸುವುದೇ ಇಲ್ಲ. ಉದ್ದನೆಯ ಇಳಿಜಾರು ಇರುವವರಿಗೆ ಒಂದಿಷ್ಟು ವಾಪಸ್ ಸಿಗುತ್ತದೆ. ಸಮತಟ್ಟು ದಾರಿಯಲ್ಲಿ ಸಿಗುವುದು ಅತ್ಯಲ್ಪ. ಬೆನ್ನಗಾಳಿಯಲ್ಲಿ ಮೋಟಾರ್ ಸಹಾಯವನ್ನು ಪೂರ್ತಿ ನಿಲ್ಲಿಸಿ ತುಳಿಯಿರಿ, ಅದೇ ಹೆಚ್ಚು ಲಾಭ. ಡೈರೆಕ್ಟ್ ಡ್ರೈವ್ ಕೊಳ್ಳುವ ಮನಸ್ಸಿದ್ದರೆ ಮೊದಲು ಅಂಗಡಿಯಲ್ಲಿ ಮೋಟಾರ್ ನಿಲ್ಲಿಸಿ ಒಂದು ಸುತ್ತು ತುಳಿದು ನೋಡಿ. ಅದು ಎಷ್ಟು ಹಿಂದಕ್ಕೆ ಎಳೆಯುತ್ತದೆ ಎಂದು ಕಾಲಿಗೇ ಗೊತ್ತಾಗುತ್ತದೆ.