ಬಿಸಿಲಿಗೆ ಅಜ್ಜನ ಸಾಕ್ಷಿ ಸಾಲದು

ಪ್ರಶ್ನೆ: ನಮ್ಮಜ್ಜನ ಕಾಲದಲ್ಲೂ ದಾವಣಗೆರೆಯಲ್ಲಿ 40 ಡಿಗ್ರಿ ಬಿಸಿಲಿತ್ತಂತೆ. ಈಗ ಮಾತ್ರ ಹವಾಮಾನ ಬದಲಾವಣೆ ಎಂದು ಹೆದರಿಸುವುದೇಕೆ? ಈ ವರ್ಷ ಇಲಾಖೆ ನಮ್ಮಲ್ಲಿ ಬಿಸಿಗಾಳಿಯನ್ನೇ ಘೋಷಿಸಿಲ್ಲವಲ್ಲ?
– ಹರಿಹರದ ಓದುಗರು

ಉತ್ತರ: ಪ್ರತಿ ಬೇಸಿಗೆಯಲ್ಲೂ ಬರುವ ಪ್ರಶ್ನೆಯಿದು, ಸಾಕ್ಷಿಯೂ ಪ್ರತಿಸಲ ಅಜ್ಜನೇ. ಅಂದು ಬಿಸಿಲಿರಲಿಲ್ಲ ಎಂದು ಯಾರೂ ಹೇಳಿಲ್ಲ. ಅಂಥ ದಿನಗಳು ಎಷ್ಟು ವರ್ಷಕ್ಕೊಮ್ಮೆ ಬರುತ್ತಿದ್ದವು, ಈಗ ಎಷ್ಟು ಬೇಗ ಮರಳುತ್ತಿವೆ ಎಂಬುದಷ್ಟೇ ಇಲ್ಲಿನ ವಿಚಾರ. 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. ಇಷ್ಟೇ ತಾನೇ ಎನ್ನಬೇಡಿ. ಸರಾಸರಿ ತುಸುವೇ ಸರಿದರೂ ಅತಿರೇಕದ ದಿನಗಳು ಹಲವು ಪಟ್ಟು ಹೆಚ್ಚುತ್ತವೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2021ರ ವರದಿಯಂತೆ, ಕೈಗಾರಿಕೆಗಳು ಬೆಳೆಯುವ ಮೊದಲು ಜಗತ್ತಿನ ನೆಲಭಾಗದಲ್ಲಿ ಸರಾಸರಿ 10 ವರ್ಷಕ್ಕೊಮ್ಮೆ ಕಾಣುತ್ತಿದ್ದ ತೀವ್ರ ಬಿಸಿಯು ಭೂಮಿ 1 ಡಿಗ್ರಿ ಕಾದಾಗ ಅದೇ 10 ವರ್ಷದಲ್ಲಿ 2.8 ಸಲ, 1.5 ಡಿಗ್ರಿ ಕಾದರೆ 4.1 ಸಲ ಬರುತ್ತದೆ.

ಇನ್ನು ಘೋಷಣೆಯ ಮಾತು. ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ, ಇಲ್ಲವೇ ನೇರವಾಗಿ 45 ಮುಟ್ಟಿದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಆ ವಾಡಿಕೆಯಾದರೋ ಕಾಲಕಾಲಕ್ಕೆ ಮುಂದಕ್ಕೆ ಸರಿಯುವ 30 ವರ್ಷಗಳ ಸರಾಸರಿ. ಊರು ಕಾಯುತ್ತ ಹೋದಂತೆ ಅಳತೆಗೋಲೂ ಮೇಲೇರುತ್ತದೆ. ಹೀಗಾಗಿ 39 ಡಿಗ್ರಿಯ ದಿನ ಘೋಷಣೆಯಿಲ್ಲ ಎಂದು ನೆಮ್ಮದಿಯಿಂದಿರುವುದು ಮೂರ್ಖತನ. ಮಂಡಕ್ಕಿ ಭಟ್ಟಿಯ ಉರಿಯೆದುರು ಹಗಲೆಲ್ಲ ನಿಂತು, ರಾತ್ರಿ ತಗಡಿನ ಸೂರಿನಡಿ ಮಲಗುವವರ ದೇಹಕ್ಕೆ ಇಲಾಖೆಯ ಮಾನದಂಡ ಗೊತ್ತಿಲ್ಲ. ರಾತ್ರಿಯೂ ತಣಿಯದಿದ್ದರೆ ಹಿಂದಿನ ದಿನದ ದಣಿವು ಮರುದಿನಕ್ಕೆ ಉಳಿಯುತ್ತದೆ. ಹಗಲಿನ ಗರಿಷ್ಠವನ್ನಷ್ಟೇ ಚರ್ಚಿಸುವವರು ಇದನ್ನು ಮರೆಯುತ್ತಾರೆ.

ಪ್ರಶ್ನೆ: ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಮೋಡ ಓಡಿಸುವುದರಿಂದಲೇ ಬಿಸಿಲು ಹೆಚ್ಚಿದೆಯೇ?
– ಹೊಳಲ್ಕೆರೆಯ ಓದುಗರು

ಉತ್ತರ: ಇಲ್ಲ. ಗಾಳಿಯಿಂದ ರೆಕ್ಕೆ ತಿರುಗುತ್ತದೆಯೇ ಹೊರತು, ರೆಕ್ಕೆಯಿಂದ ಮುಂಗಾರು ತಿರುಗುವುದಿಲ್ಲ.

ಪ್ರಶ್ನೆ: ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲವೇ?
– ಚಳ್ಳಕೆರೆಯ ಓದುಗರು

ಉತ್ತರ: ಈರುಳ್ಳಿಯನ್ನು ಅಡುಗೆಗೆ ಬಳಸಿ. ಬಿಸಿಲಲ್ಲಿ ದುಡಿದವರು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅಥವಾ ಕುಸಿದರೆ, ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ. 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರಾಗಲಿ, ಸಂತೆಯಲ್ಲಿ ಮಾರುವ ‘ತಂಪಿನ ಪುಡಿ’ಯಾಗಲಿ ಹಾಕಬೇಡಿ.