ಭಾನುವಾರದ ಗೋಣಿಚೀಲ ಸದ್ಯಕ್ಕೆ ಬೇಡ

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮ ಸ್ಕೂಟರ್ ಕೆಳಗೆ ನೆನೆದು ಕೂತಿದ್ದ ಗಂಡು ಬೆಕ್ಕಿನ ಮರಿಯನ್ನು ಮಗ ಒಳಗೆ ತಂದ. ಈಗ ಅದಕ್ಕೆ ಹತ್ತು ತಿಂಗಳು. ಮೊದಲು ಮರಳಿನ ಟಬ್ಬಿಗೇ ಹೋಗುತ್ತಿತ್ತು. ವಾಸನೆ ಅಂತ ಎರಡು ತಿಂಗಳ ಹಿಂದೆ ಟಬ್ಬನ್ನು ಹಿತ್ತಲ ಬಾಗಿಲಿನಿಂದ ವಾಷಿಂಗ್ ಮೆಷಿನ್ ಪಕ್ಕಕ್ಕೆ ಇಟ್ಟೆವು. ಈಗ ಬೀರುವಿನ ಬಾಗಿಲು, ಸೋಫಾದ ಬದಿ, ಒಮ್ಮೊಮ್ಮೆ ಹಾಸಿಗೆ ಮೇಲೂ ಉಚ್ಚೆ. ದಿನಾ ಫಿನೈಲ್ ಹಾಕಿ ಒರೆಸುತ್ತೇನೆ. ಮೊನ್ನೆ ದೇವರ ಕೋಣೆ ಹೊಸ್ತಿಲಿಗೇ ಆಯಿತು. ಅತ್ತೆ ಅವತ್ತು ಊಟ ಮಾಡಲಿಲ್ಲ. ಭಾನುವಾರ ಗೋಣಿಚೀಲದಲ್ಲಿ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುತ್ತೇನೆ ಅಂತಿದ್ದಾರೆ ಇವರು. ಮಗ ಅಪ್ಪನ ಹತ್ತಿರ ಮಾತು ಬಿಟ್ಟಿದ್ದಾನೆ. ನಾನು ಯಾರ ಕಡೆ ನಿಲ್ಲಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಯಾರ ಕಡೆಯೂ ಈಗಲೇ ನಿಲ್ಲಬೇಡಿ. ಮೊದಲು ಬೀರುವಿನ ಕಡೆ ನೋಡಿ.

ಬೆಕ್ಕು ಅದಕ್ಕೆ ಬೆನ್ನು ಕೊಟ್ಟು ನಿಂತು, ಬಾಲ ನೆಟ್ಟಗೆ ಎತ್ತಿ ಅದುರಿಸುತ್ತಾ ಸ್ವಲ್ಪವೇ ಚಿಮ್ಮಿಸುತ್ತದೆಯಾ? ಹಾಗಿದ್ದರೆ ಅದು ಅವಸರಕ್ಕೆ ಹೊಯ್ದದ್ದಲ್ಲ, ‘ಇದು ನನ್ನ ಜಾಗ’ ಅಂತ ಹಾಕಿದ ಗುರುತು. ಐದಾರು ತಿಂಗಳು ದಾಟಿದ ಗಂಡು ಬೆಕ್ಕಿಗೆ ಇದು ಮಾಮೂಲು. ಕಿಟಕಿಯಾಚೆ ಇನ್ನೊಂದು ಗಂಡು ಓಡಾಡಿದರೆ ಇನ್ನೂ ಜಾಸ್ತಿ. ನಿಮ್ಮ ಪತ್ರದಲ್ಲಿ ಸಂತಾನಹರಣ ಆಪರೇಷನ್ ಮಾತೇ ಇಲ್ಲ, ಆಗಿಲ್ಲ ಅಂದುಕೊಳ್ಳುತ್ತೇನೆ. ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳಿಗೆ ಈ ಚಾಳಿ ನಿಲ್ಲುತ್ತದೆ, ಇಲ್ಲವೇ ತೀರಾ ಕಡಿಮೆಯಾಗುತ್ತದೆ. ಮರುದಿನವೇ ಅಲ್ಲ, ಕೆಲವು ವಾರ ಬೇಕು.

ಹಾಸಿಗೆಯದು ಬೇರೆ ಕಥೆ. ಅಲ್ಲಿ ಅದು ಕೂತು ಹೊಯ್ಯುತ್ತಿದ್ದರೆ ನನಗೆ ಎರಡು ಅನುಮಾನ. ಒಂದು, ಮೂತ್ರಕೋಶದ ತೊಂದರೆ. ಪಶುವೈದ್ಯರು ಮೂತ್ರ ಪರೀಕ್ಷೆ ಮಾಡಲಿ. ಮತ್ತೆ ಮತ್ತೆ ಕೂತು ತಿಣುಕಿದರೂ ಹನಿ ಬರದಿದ್ದರೆ, ನೋವಿಗೆ ಕೂಗಿದರೆ, ಆ ದಿನವೇ ಓಡಿ. ಗಂಡು ಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು.

ಇನ್ನೊಂದು ಅನುಮಾನ ಆ ವಾಷಿಂಗ್ ಮೆಷಿನ್. ಗಡಗಡ ಅದುರುವ ಬಚ್ಚಲಲ್ಲಿ ನೀವಾದರೂ ನೆಮ್ಮದಿಯಾಗಿ ಕೂರುತ್ತೀರಾ? ಟಬ್ಬು ಹಿತ್ತಲ ಬಾಗಿಲಿಗೇ ವಾಪಸ್ ಹೋಗಲಿ. ಗಲಾಟೆಯಿಲ್ಲದ ಮೂಲೆಯಲ್ಲಿ ಇನ್ನೊಂದು ಇಡಿ. ಸೆಂಟು ಹಾಕಿದ ಪುಡಿ ಬೇಡ, ನಯವಾದ ಸಾದಾ ಮರಳು ಮೂರು ಬೆರಳು ದಪ್ಪ ಇದ್ದರೆ ಸಾಕು. ಗಲೀಜು ದಿನಾ ತೆಗೆಯಬೇಕು. ವಾಸನೆ ಬಂದಿದ್ದು ಟಬ್ಬು ಇದ್ದ ಜಾಗದಿಂದಲ್ಲ, ತೆಗೆಯದ ಗಲೀಜಿನಿಂದ ಅನಿಸುತ್ತದೆ ನನಗೆ.

ಫಿನೈಲ್ ಇವತ್ತೇ ನಿಲ್ಲಿಸಿ. ಬೆಕ್ಕು ಅದರ ಮೇಲೆ ನಡೆದು ಕಾಲು ನೆಕ್ಕಿಕೊಳ್ಳುತ್ತದೆ. ಅದರಲ್ಲಿರುವ ಫೀನಾಲ್ ಬೆಕ್ಕಿನ ಲಿವರ್‌ಗೆ ಅರಗುವುದಿಲ್ಲ, ವಿಷ. ಮೇಲಾಗಿ ನಮ್ಮ ಮೂಗಿಗೆ ಹೋಯಿತು ಅನಿಸಿದ ವಾಸನೆ ಅದರ ಮೂಗಿಗೆ ಹಾಗೇ ಇರುತ್ತದೆ, ಅಲ್ಲೇ ಮತ್ತೆ ಹೊಯ್ಯುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಉಚ್ಚೆಯ ವಾಸನೆಯನ್ನೇ ಒಡೆಯುವ ಎಂಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದು ತನ್ನಿ. ಹೊಡೆಯುವುದು, ಮೂತಿ ಉಜ್ಜುವುದು ಬೇಡ. ಹೆದರಿದ ಬೆಕ್ಕು ನಿಮ್ಮ ಕಣ್ಣು ತಪ್ಪಿಸಿ ಹೊಯ್ಯುವುದನ್ನು ಕಲಿಯುತ್ತದೆ, ಅಷ್ಟೆ.

ಇನ್ನು ಅತ್ತೆ. ಬೆಕ್ಕು ತಂದವನು ಮಗ, ಇಟ್ಟುಕೊಂಡವರು ನೀವು, ಇಡೀ ದಿನ ಮನೆಯಲ್ಲಿ ವಾಸನೆ ಕುಡಿಯುವವರು ಅವರು. ಅವರ ಸಿಟ್ಟನ್ನು ಸುಮ್ನೆ ಮಡಿ ಅಂತ ತಳ್ಳಿಹಾಕಬೇಡಿ. ದೇವರ ಕೋಣೆ ಮತ್ತು ಅವರ ಕೋಣೆಯ ಬಾಗಿಲು ಬೆಕ್ಕಿಗೆ ಮುಚ್ಚಿರಲಿ. ಟಬ್ಬು ತೆಗೆಯುವ ಕೆಲಸ ಮಗನದು, ಅತ್ತೆ ಕಣ್ಣೆದುರೇ ಮಾಡಲಿ. ಹಾಗಂತ ಹೇಳಿ ಅವರ ಹತ್ತಿರ ಎರಡು ತಿಂಗಳ ಗಡುವು ಕೇಳಿ.

ಎರಡು ತಿಂಗಳಾದರೂ ಸರಿಹೋಗದಿದ್ದರೆ? ಬೇರೆ ಮನೆ ಹುಡುಕುವುದು ತಪ್ಪಲ್ಲ. ಇಲಿ ಕಾಟವಿರುವ ತೋಟದ ಮನೆಯವರು ಆಪರೇಷನ್ ಆದ ಬೆಕ್ಕನ್ನು ಇಟ್ಟುಕೊಂಡಾರು. ಇದರ ಚಾಳಿ ಮುಚ್ಚಿಡದೆ ಹೇಳಿ ಕೊಡಿ. ಆದರೆ ಮೀನು ಮಾರ್ಕೆಟ್ ಬೇಡ. ಮೀನು ಸಿಗುತ್ತದೆ ಅಂತ ನಿಮ್ಮ ಯಜಮಾನರು ಅಂದುಕೊಂಡಿರಬಹುದು. ಅಲ್ಲಿ ಮೊದಲೇ ಬೇರೂರಿದ ಬೆಕ್ಕುಗಳಿವೆ, ನಾಯಿಗಳಿವೆ. ಮನೆಯ ಊಟ ತಿಂದು ಬೆಳೆದದ್ದಕ್ಕೆ ಒಂದು ಮೀನಿನ ತಲೆಯೂ ಸಿಗುವುದಿಲ್ಲ. ಹಸಿದು ಸಾಯುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು.

ಸೋಮವಾರ ಪಶು ಆಸ್ಪತ್ರೆಗೆ ನಿಮ್ಮ ಯಜಮಾನರೇ ಕರೆದುಕೊಂಡು ಹೋಗಲಿ, ಮಗನೂ ಜೊತೆಗಿರಲಿ. ಮುಚ್ಚಳವಿರುವ ಬುಟ್ಟಿಯಲ್ಲಿ ಹಳೇ ಟವೆಲ್ ಹಾಸಿ ಒಯ್ಯಿರಿ. ದಾರಿಯಲ್ಲಿ ಅಪ್ಪ, ಮಗ ಮಾತಾಡಿದರೂ ಮಾತಾಡಿಯಾರು.