ಕೋರ್ಸ್ ಮುಗಿದ ಮೇಲೆ ಯಾವ ಕುರ್ಚಿ?

ಆಸ್ಪತ್ರೆ ಆಡಳಿತದ ಕೋರ್ಸ್ ವಿಚಾರಿಸಿಕೊಂಡು ನನ್ನ ಹತ್ತಿರ ಸಲಹೆಗೆ ಬರುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಹೆಚ್ಚಿನವರು ಕೇಳುವುದು ಒಂದೇ: ಯಾವ ಕಾಲೇಜು ಒಳ್ಳೇದು? ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಕೆ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸಕ್ಕಿದ್ದರು. ಕೆಲಸ ಬಿಟ್ಟು, ಸಾಲ ಮಾಡಿ, ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಸೇರುವ ಯೋಚನೆ. ಮನೆಯವರಿಗೆ ಪಟ್ಟಿಯಲ್ಲಿದ್ದ ಅತಿ ದುಬಾರಿ ಕಾಲೇಜಿನ ಮೇಲೇ ಮನಸ್ಸು.

ಮೊದಲ ಭೇಟಿ ಖರ್ಚಿನ ಲೆಕ್ಕಕ್ಕೆ ಹೋಯಿತು. ಆಕೆ ಶುಲ್ಕ, ಹಾಸ್ಟೆಲ್ ಬರೆದಿದ್ದರು. ಕೈಬಿಡುವ 24 ತಿಂಗಳ ಸಂಬಳ ಬರೆದಿರಲಿಲ್ಲ. ಓದುವಾಗ ಸಾಲದ ಮೇಲೆ ಏರುವ ಬಡ್ಡಿಯನ್ನೂ ಬರೆದಿರಲಿಲ್ಲ. ಎರಡನ್ನೂ ಸೇರಿಸಿದಾಗ, ಪಟ್ಟಿಯಲ್ಲಿ ಅಗ್ಗ ಅಂದುಕೊಂಡಿದ್ದ ಪೂರ್ಣಾವಧಿ ಕೋರ್ಸೇ, ಕೆಲಸ ಮಾಡುತ್ತಲೇ ಓದುವ ಸಂಜೆ ಕೋರ್ಸಿಗಿಂತ ದುಬಾರಿ ಬಿತ್ತು.

ಎರಡನೇ ಭೇಟಿಗೆ ಪ್ಲೇಸ್‌ಮೆಂಟ್ ವಿವರ ಹಿಡಿದು ಬಂದರು. ದುಬಾರಿ ಕಾಲೇಜಿನ ಎದುರು ದೊಡ್ಡ ಶೇಕಡಾವಾರು ಸಂಖ್ಯೆ, ಪಕ್ಕದಲ್ಲಿ ದೊಡ್ಡ ಸಂಬಳ. "ಇಲ್ಲಿಂದಲೇ ಫೋನ್ ಮಾಡಿ ಕೇಳೋಣ್ವಾ?" ಅಂದೆ. ಚೀಟಿಯಲ್ಲಿ ಎರಡೇ ಪ್ರಶ್ನೆ ಬರೆದುಕೊಟ್ಟೆ: ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಕೆಲಸ? ಯಾವ ಹುದ್ದೆ? ಆಕೆ ಫೋನನ್ನು ಸ್ಪೀಕರಿಗೆ ಹಾಕಿದರು. ಆ ಕಡೆಯವರು ಏನನ್ನೂ ಮುಚ್ಚಿಡಲಿಲ್ಲ. ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರನ್ನು ಮಾತ್ರ ಲೆಕ್ಕಕ್ಕೆ ತಗೋತೀವಿ ಅಂದರು. ಆಮೇಲೆ ಹುದ್ದೆಗಳನ್ನು ಓದಿದರು: ಫ್ರಂಟ್ ಆಫೀಸ್, ಇನ್ಶೂರೆನ್ಸ್ ಡೆಸ್ಕ್, ಬಿಲ್ಲಿಂಗ್ ಎಕ್ಸಿಕ್ಯುಟಿವ್.

ಫೋನ್ ಇಟ್ಟವರೇ ಆಕೆ ಕೇಳಿದರು: "ಮೇಡಂ, ಇದು ನಾನು ಈಗ ಕೂತಿರೋ ಕುರ್ಚಿನೇ ಅಲ್ವಾ?"

60 ಜನರ ತರಗತಿಯಲ್ಲಿ 20 ಜನ ಹೆಸರು ಕೊಟ್ಟು, 18 ಜನಕ್ಕೆ ಕೆಲಸ ಸಿಕ್ಕರೆ ಶೇ. 90 ಅಂತ ಅಚ್ಚಾಗುತ್ತದೆ. ಇಡೀ ತರಗತಿಗೆ ಲೆಕ್ಕ ಹಾಕಿದರೆ ಶೇ. 30. ಸಂಬಳದ ಅಂಕಿಯೂ ಹೀಗೇ ಮೋಸ ಹೋಗಿಸುತ್ತದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 2023ರ ಮೇ ತಿಂಗಳಿಗೆ ಆರೋಗ್ಯ ಸೇವಾ ಮ್ಯಾನೇಜರುಗಳ ಮಧ್ಯಮ (ಅರ್ಧ ಜನಕ್ಕೆ ಇದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ) ವಾರ್ಷಿಕ ಸಂಬಳ 1,10,680 ಡಾಲರ್ ಎಂದಿದೆ. ಲೆಕ್ಕ ಸರಿಯೇ. ಆದರೆ ಅದು ಆ ವೃತ್ತಿಯಲ್ಲಿರುವ ಎಲ್ಲರದ್ದು, ವರ್ಷಗಟ್ಟಲೆ ದುಡಿದವರೂ ಅದರಲ್ಲಿದ್ದಾರೆ. ನಿನ್ನೆ ಪದವಿ ಪಡೆದವರ ಸಂಬಳ ಅದಲ್ಲ.

ನಾನು ಹೇಳಿದ್ದು ಇಷ್ಟು: ಕೆಲಸ ಬಿಡಬೇಡಿ, ಮಾನ್ಯತೆ ಇರುವ ಸಂಜೆ ಕೋರ್ಸ್ ನೋಡಿ, ಪ್ರಾಜೆಕ್ಟನ್ನು ನಿಮ್ಮ ಆಸ್ಪತ್ರೆಯಲ್ಲೇ ಮಾಡಿ. ವೈದ್ಯರು ಬೆಳಿಗ್ಗೆಯೇ ಮನೆಗೆ ಹೋಗಬಹುದು ಅಂದ ರೋಗಿ ಸಂಜೆವರೆಗೂ ಯಾಕೆ ಕಾಯುತ್ತಾರೆ? ಫೈಲು ಉಳಿದ ಔಷಧಿಯ ವಾಪಸಾತಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ವಿಮೆ ಒಪ್ಪಿಗೆಗೆ ಎಷ್ಟು ಹೊತ್ತು ಕಾಯುತ್ತದೆ, ಇದು ಬಿಲ್ಲಿಂಗ್‌ನವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಗಂಟೆಗಳ ಲೆಕ್ಕ ಬರೆದಿಡಿ. ಆಪರೇಷನ್ಸ್ ವಿಭಾಗಕ್ಕೆ (ಆಸ್ಪತ್ರೆಯ ದಿನನಿತ್ಯದ ಆಡಳಿತ ನೋಡಿಕೊಳ್ಳುವ ವಿಭಾಗ) ಬದಲಿ ಕೇಳುವಾಗ ಕೈಯಲ್ಲಿ ಅದೇ ಇರಲಿ.

"ಹುಡುಗಿಯ ಆಸೆಗೆ ತಣ್ಣೀರು ಎರಚಿದಿರಿ" ಅಂತ ಮನೆಯವರು ಬೇಜಾರಾದರು. ನಾನು ಒಪ್ಪುವುದಿಲ್ಲ. ಆಕೆಗೆ ಓದಬೇಡಿ ಅಂದವಳಲ್ಲ ನಾನು. ಕಂತು ಕಟ್ಟಬೇಕಾದವರು ಆಕೆ, ಕಾಲೇಜಿನ ಹೆಸರಲ್ಲ.

ಆಸ್ಪತ್ರೆಯ ಒಳಗಿನ ಕೆಲಸವನ್ನೇ ನೋಡದವರಿಗಾದರೆ ನನ್ನ ಸಲಹೆ ಬೇರೆ. ಅವರಿಗೆ ಪೂರ್ಣಾವಧಿ ಕೋರ್ಸೇ ಸರಿ, ಅದೂ ತಿಂಗಳುಗಟ್ಟಲೆ ಇಂಟರ್ನ್‌ಶಿಪ್ ಇರುವಂಥದ್ದು. ಯಾವ ಆಸ್ಪತ್ರೆ, ಯಾವ ವಿಭಾಗ, ಯಾರ ಕೈಕೆಳಗೆ ಅನ್ನೋದನ್ನು ಶುಲ್ಕ ಕಟ್ಟುವ ಮುಂಚೆಯೇ ಬರೆಸಿಕೊಳ್ಳಿ.